ಕಣ್ತಪ್ಪುವ ಕಾಯಿಲೆಗಳು: ಬಳ್ಳಾರಿ, ರಾಯಚೂರು, ಕೊಪ್ಪಳದ ಕಿರಿಯ ವೈದ್ಯರಿಗೊಂದು ಮಾರ್ಗದರ್ಶಿ

ನಮ್ಮ ಭಾಗದ ತಾಲ್ಲೂಕು ಆಸ್ಪತ್ರೆಯ ಮೆಡಿಸಿನ್ ಒಪಿಡಿಗೆ ಬರುವ ರೋಗಿಯ ಕಾಯಿಲೆಗೆ ಆಗಲೇ ಒಂದು ಹೆಸರು ಬಿದ್ದಿರುತ್ತದೆ. ಊರಿನ ಡಾಕ್ಟರೋ, ಮೆಡಿಕಲ್ ಶಾಪಿನವರೋ, ಮನೆಯ ಹಿರಿಯರೋ ಅದನ್ನು ಟೈಫಾಯ್ಡ್, ಗ್ಯಾಸ್, ವಾತ, ರಕ್ತ ಕಡಿಮೆ ಅಥವಾ ನಿಶ್ಶಕ್ತಿ ಎಂದು ಕರೆದಿರುತ್ತಾರೆ. ಆ ಹೆಸರಿಗೆ ತಕ್ಕಂತೆ ಸೂಜಿಯೂ ಸಲಾಯಿನ್ನೂ ಆಗಿರುತ್ತವೆ. ತಪ್ಪಿಹೋಗುವ ಕಾಯಿಲೆಗಳಲ್ಲಿ ಹೆಚ್ಚಿನವು ನಾವೆಲ್ಲ ಎಂ.ಬಿ.ಬಿ.ಎಸ್.ನಲ್ಲಿ ಓದಿದವೇ ಆಗಿದ್ದು, ಮೊದಲು ಬಿದ್ದ ಹೆಸರನ್ನು ಎರಡನೆಯವರು, ಎರಡನೆಯವರನ್ನು ಮೂರನೆಯವರು ನಂಬಿಕೊಂಡು ಹೋಗುವುದರಿಂದಲೇ ಕಣ್ತಪ್ಪುತ್ತವೆ. ಈ ಲೇಖನವನ್ನು ತಾಲ್ಲೂಕು ಆಸ್ಪತ್ರೆ ಮತ್ತು ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಕೆಲಸ ಮಾಡುವ ಕಿರಿಯ ವೈದ್ಯರನ್ನೂ ಹೌಸ್ ಸರ್ಜನ್‌ಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ದೊಡ್ಡ ಯಂತ್ರಗಳಿಲ್ಲದ ಕಡೆಯೂ ಮಾಡಬಹುದಾದದ್ದನ್ನೇ ಹೆಚ್ಚಾಗಿ ಹೇಳಿದ್ದೇನೆ.

ಮೊದಲನೆಯದು: ಚೀಲದಲ್ಲಿರುವುದನ್ನೆಲ್ಲ ಮೇಜಿನ ಮೇಲೆ ಹಾಕಿಸಿ

ರೋಗಿಯ ಜೊತೆಗೊಂದು ಪ್ಲಾಸ್ಟಿಕ್ ಚೀಲ ಬಂದೇ ಬರುತ್ತದೆ. ಅದರಲ್ಲಿ ಹಳೆಯ ಚೀಟಿಗಳು, ಲ್ಯಾಬ್ ವರದಿಗಳು, ಮಡಿಸಿಟ್ಟ ಎಕ್ಸ್‌ರೇ, ಅರ್ಧ ಮುಗಿದ ಗುಳಿಗೆಗಳು ಇರುತ್ತವೆ. ಇವನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ನೋಡಲು ಐದು ನಿಮಿಷ ಸಾಕು. ಎರಡು ತಿಂಗಳಲ್ಲಿ ಮೂರು ಸಲ ವಿಡಾಲ್ ಪರೀಕ್ಷೆ ಮಾಡಿಸಿ ಮೂರು ಸಲವೂ ಟೈಫಾಯ್ಡಿಗೆ ಔಷಧಿ ಕೊಟ್ಟಿದ್ದರೆ, ಅದು ಟೈಫಾಯ್ಡ್ ಅಲ್ಲವೆಂಬ ಸಂಶಯಕ್ಕೆ ಅಷ್ಟೇ ಆಧಾರ ಸಾಕು. ಒಂದೇ ಸಲ ಮಾಡಿದ ವಿಡಾಲ್ ಪರೀಕ್ಷೆಯನ್ನು ನಂಬಿ ರೋಗನಿರ್ಣಯ ಮಾಡುವುದು ನಮ್ಮ ಭಾಗದ ಹಳೆಯ ಚಾಳಿ. ಸೋಡಿಯಂ ಕಡಿಮೆ ಇರುವುದು ಎರಡು ಬೇರೆ ಬೇರೆ ಆಸ್ಪತ್ರೆಗಳ ವರದಿಯಲ್ಲಿ ಕಾಣಿಸಿಕೊಂಡು, ಎರಡೂ ಕಡೆ ಉಪ್ಪಿನ ಸಲಾಯಿನ್ ಕೊಟ್ಟು ಮನೆಗೆ ಕಳಿಸಿದ್ದರೆ, ಕಾರಣವನ್ನು ಯಾರೂ ಹುಡುಕಿಲ್ಲವೆಂದೇ ತಿಳಿಯಬೇಕು.

ಗುಳಿಗೆಗಳಲ್ಲಿ ಹೆಸರಿಲ್ಲದವನ್ನು, ಅಂದರೆ ಕಾಗದದ ಪೊಟ್ಟಣದಲ್ಲಿ ಬಿಡಿಬಿಡಿಯಾಗಿ ಕಟ್ಟಿಕೊಟ್ಟವನ್ನು, ವಿಶೇಷವಾಗಿ ಗಮನಿಸಿ. ಮೊಣಕಾಲು ನೋವಿಗೆಂದು ವರ್ಷಗಟ್ಟಲೆ ನುಂಗುವ ಇಂಥ ಪೊಟ್ಟಣಗಳಲ್ಲಿ ಡೆಕ್ಸಾಮೆಥಾಸೋನ್ ಅಥವಾ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಇರುವ ಸಾಧ್ಯತೆಯನ್ನು ಕಡೆಗಣಿಸುವಂತಿಲ್ಲ. ಮುಖ ದುಂಡಗಾಗಿದೆಯೇ, ಮುಂಗೈ ಚರ್ಮ ತೆಳುವಾಗಿ ನೀಲಿಗಟ್ಟಿದೆಯೇ, ಸಕ್ಕರೆ ಇತ್ತೀಚೆಗೆ ಏರಿದೆಯೇ ಎಂದು ನೋಡಿ. ಆ ಗುಳಿಗೆ ಮುಗಿದುಹೋದಾಗ, ಇಲ್ಲವೇ ಜ್ವರ-ವಾಂತಿಯಿಂದ ಬಿಟ್ಟುಹೋದಾಗ, ರೋಗಿ ಬಿ.ಪಿ. ಬಿದ್ದು ಬರುತ್ತಾರೆ, ಎಷ್ಟು ಸಲಾಯಿನ್ ಕೊಟ್ಟರೂ ಬಿ.ಪಿ. ಏರುವುದಿಲ್ಲ. ಹೈಡ್ರೋಕಾರ್ಟಿಸೋನ್ ಎಂಬ ಸ್ಟಿರಾಯ್ಡ್ 100 ಮಿ.ಗ್ರಾಂ ನರಕ್ಕೆ ಕೊಟ್ಟ ಕೆಲವು ಗಂಟೆಗಳಲ್ಲಿ ರೋಗಿ ಎದ್ದು ಕುಳಿತರೆ, ಪೊಟ್ಟಣದಲ್ಲಿ ಏನಿತ್ತೆಂದು ಊಹಿಸಿಕೊಳ್ಳಬಹುದು.

ಎರಡನೆಯದು: ಕೆಲಸ, ನೀರು, ಕುರಿ, ಹೆರಿಗೆ

ಕೇಸ್ ಶೀಟಿನಲ್ಲಿ ಉದ್ಯೋಗ ಎಂಬ ಕಡೆ ನಾವು ಸಾಮಾನ್ಯವಾಗಿ "ಕೂಲಿ" ಎಂದು ಬರೆದು ಮುಂದೆ ಹೋಗುತ್ತೇವೆ. ಯಾವ ಕೂಲಿ? ಸಂಡೂರಿನ ಅದಿರಿನ ಗಣಿಯದೋ, ಹಟ್ಟಿಯ ಚಿನ್ನದ ಗಣಿಯದೋ, ಕಲ್ಲು ಕ್ರಷರಿನದೋ, ಸಿಂಧನೂರಿನ ಗದ್ದೆಯದೋ, ಅಥವಾ ಗುಳೆ ಹೋದಾಗ ಬೆಂಗಳೂರಿನಲ್ಲಿ ಗ್ರಾನೈಟ್ ಕತ್ತರಿಸಿದ್ದೋ? ಈಗ ಮಾಡುತ್ತಿರುವ ಕೆಲಸಕ್ಕಿಂತ ಹತ್ತು ವರ್ಷ ಹಿಂದೆ ಮಾಡಿ ಬಿಟ್ಟ ಕೆಲಸವೇ ಅನೇಕ ಸಲ ಉತ್ತರವಾಗಿರುತ್ತದೆ. ಹಾಗೆಯೇ ಕುಡಿಯುವ ನೀರು ಬೋರ್‌ವೆಲ್‌ನದೋ, ನದಿಯದೋ, ಶುದ್ಧೀಕರಣ ಘಟಕದ್ದೋ, ಮನೆಯಲ್ಲಿ ಕುರಿ-ಮೇಕೆಗಳಿವೆಯೋ, ಹೆಣ್ಣುಮಕ್ಕಳಾದರೆ ಕೊನೆಯ ಹೆರಿಗೆ ಎಲ್ಲಿ, ಹೇಗಾಯಿತು ಎಂದು ಕೇಳಬೇಕು. ಈ ಪ್ರಶ್ನೆಗಳಿಗೆ ಸಮಯವಿಲ್ಲವೆನ್ನುವುದು ನಿಜವೇ. ಆದರೆ ಈ ಎರಡು ನಿಮಿಷವನ್ನು ನಾವು ಉಳಿಸಿದರೆ ರೋಗಿ ಆರು ತಿಂಗಳು ಅದೇ ಸಾಲಿನಲ್ಲಿ ಮತ್ತೆ ಮತ್ತೆ ನಿಲ್ಲುತ್ತಾರೆ.

ಹಳೆಯ ಹೆರಿಗೆಯ ರಕ್ತಸ್ರಾವ

ಹೆರಿಗೆಯ ಪ್ರಶ್ನೆಯಿಂದಲೇ ಪ್ರಾರಂಭಿಸುತ್ತೇನೆ. ಏಕೆಂದರೆ ನಮ್ಮ ಭಾಗದಲ್ಲಿ ಇಷ್ಟು ಸುಲಭವಾಗಿ ಸಿಗುವ, ಇಷ್ಟು ಸುಲಭವಾಗಿ ತಪ್ಪಿಹೋಗುವ ಇನ್ನೊಂದು ಕಾಯಿಲೆಯನ್ನು ನಾನು ಕಾಣೆ. ಚಿತ್ರ ಬಹುತೇಕ ಒಂದೇ ಬಗೆಯದು: ಕುಷ್ಟಗಿ ಅಥವಾ ದೇವದುರ್ಗದ ಕಡೆಯ ಮೂವತ್ತೈದು-ನಲವತ್ತರ ಹೆಣ್ಣುಮಗಳು, ಎರಡು ದಿನದ ವಾಂತಿ-ಭೇದಿಯ ನಂತರ ಮಂಕು ಕವಿದು ಬಂದಿದ್ದಾರೆ, ಸೋಡಿಯಂ 112ಕ್ಕೆ, ಸಕ್ಕರೆ 50ರ ಆಸುಪಾಸಿಗೆ ಇಳಿದಿದೆ. ಮೊದಲು ತಲೆಗೆ ಸಿ.ಟಿ. ಸ್ಕ್ಯಾನ್ ಆಗುತ್ತದೆ, ಅದು ಸಹಜವಾಗಿರುತ್ತದೆ. ವರ್ಷಗಳಿಂದ ಸುಸ್ತು, ಚಳಿ ತಡೆಯದಿರುವುದು, ಮಲಬದ್ಧತೆ ಇದ್ದು, ಎಲ್ಲದಕ್ಕೂ ರಕ್ತ ಕಡಿಮೆ ಎಂಬ ಹೆಸರು ಬಿದ್ದಿರುತ್ತದೆ.

ಇಲ್ಲಿ ಕೇಳಬೇಕಾದದ್ದು ಮೂರೇ ಮಾತು. ಕೊನೆಯ ಹೆರಿಗೆಯಲ್ಲಿ ರಕ್ತ ಬಹಳ ಹೋಯಿತೇ, ರಕ್ತ ಹಾಕಿಸಬೇಕಾಯಿತೇ? ಆ ಮಗುವಿಗೆ ಎದೆಹಾಲು ಬಂತೇ? ಆಮೇಲೆ ಮುಟ್ಟು ಆಯಿತೇ? ಮೂರಕ್ಕೂ ಉತ್ತರವನ್ನು ಹೆಚ್ಚಾಗಿ ಅತ್ತೆಯೋ ತಾಯಿಯೋ ಹೇಳುತ್ತಾರೆ. "ಹಾಲು ಬರಲಿಲ್ರಿ, ಮೇಲಿನ ಹಾಲು ಹಾಕಿ ಬೆಳೆಸಿದ್ವಿ" ಎಂಬ ಮಾತು ಕೇಳಿದೊಡನೆ ಶೀಹಾನ್ ಸಿಂಡ್ರೋಮ್ ನೆನಪಾಗಬೇಕು. ಹೆರಿಗೆಯ ತೀವ್ರ ರಕ್ತಸ್ರಾವದಿಂದ ಬಿ.ಪಿ. ಕುಸಿದಾಗ, ಗರ್ಭಾವಸ್ಥೆಯಲ್ಲಿ ಊದಿಕೊಂಡಿರುವ, ಮೆದುಳಿನ ತಳದ ಪಿಟ್ಯುಟರಿ ಗ್ರಂಥಿಗೆ ರಕ್ತ ಸಾಲದೆ ಅದು ಸಾಯುತ್ತದೆ. ಫಲ ಕಾಣಿಸಿಕೊಳ್ಳಲು ಕೆಲವೊಮ್ಮೆ ಹತ್ತು-ಹದಿನೈದು ವರ್ಷ ಹಿಡಿಯುತ್ತದೆ. ಪರೀಕ್ಷಿಸುವಾಗ ಮಹಿಳಾ ಸಿಬ್ಬಂದಿಯ ಸಮ್ಮುಖದಲ್ಲಿ ಕಂಕುಳ ನೋಡಿ, ಕೂದಲು ಇಲ್ಲದಿರುವುದು ಕಣ್ಣಿಗೆ ಬೀಳುತ್ತದೆ. ಮುಖ ಬಿಳಿಚಿಕೊಂಡು, ಕಣ್ಣಂಚಿನಲ್ಲಿ ಸಣ್ಣ ಸುಕ್ಕುಗಳಿರುತ್ತವೆ.

ಲ್ಯಾಬಿನಲ್ಲಿ ಒಂದು ಬಲೆ ಇದೆ. ನಾವು ಥೈರಾಯ್ಡ್ ಎಂದರೆ ಟಿಎಸ್‌ಎಚ್ (ಥೈರಾಯ್ಡನ್ನು ಪ್ರಚೋದಿಸುವ ಪಿಟ್ಯುಟರಿ ಹಾರ್ಮೋನ್) ಒಂದನ್ನೇ ಕಳಿಸುತ್ತೇವೆ. ಪಿಟ್ಯುಟರಿಯೇ ಸತ್ತಿರುವಾಗ ಟಿಎಸ್‌ಎಚ್ ಸಹಜ ಮಿತಿಯಲ್ಲೇ ಇರಬಹುದು. ಆದ್ದರಿಂದ ಥೈರಾಯ್ಡಿನದೇ ಹಾರ್ಮೋನಾದ ಫ್ರೀ ಟಿ4 ಅನ್ನು ಜೊತೆಗೆ ಕಳಿಸದಿದ್ದರೆ "ಥೈರಾಯ್ಡ್ ನಾರ್ಮಲ್" ಎಂಬ ಸುಳ್ಳು ಸಮಾಧಾನ ಸಿಗುತ್ತದೆ. ಬೆಳಗಿನ 8 ಗಂಟೆಯ ಕಾರ್ಟಿಸಾಲ್ (ದೇಹವೇ ತಯಾರಿಸುವ ಸ್ಟಿರಾಯ್ಡ್) 3 ಮೈಕ್ರೋಗ್ರಾಂ/ಡೆ.ಲೀ.ಗಿಂತ ಕಡಿಮೆ ಇದ್ದರೆ ಕೊರತೆ ಬಹುಮಟ್ಟಿಗೆ ಖಚಿತ. ಪೊಟ್ಯಾಸಿಯಂ ಸಾಮಾನ್ಯವಾಗಿ ಸಹಜವಾಗಿರುತ್ತದೆ, ಏಕೆಂದರೆ ಪೊಟ್ಯಾಸಿಯಂ ಹತೋಟಿಯಲ್ಲಿಡುವ ಆಲ್ಡೋಸ್ಟೆರೋನ್ ಹಾರ್ಮೋನಿಗೆ ಪಿಟ್ಯುಟರಿಯ ಹಂಗಿಲ್ಲ. ಪೊಟ್ಯಾಸಿಯಂ ಏರಿ, ಅಂಗೈ ಗೆರೆಗಳೂ ವಸಡೂ ಕಪ್ಪಾಗಿದ್ದರೆ, ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿಯ ಕ್ಷಯವನ್ನು ಹುಡುಕಬೇಕು.

ಚಿಕಿತ್ಸೆಯಲ್ಲಿ ಮೂರು ಎಚ್ಚರಿಕೆ. ತೀವ್ರವಾಗಿ ಅಸ್ವಸ್ಥರಾದವರಲ್ಲಿ ಕಾರ್ಟಿಸಾಲ್‌ಗೆ ರಕ್ತ ತೆಗೆದಿಟ್ಟು, ವರದಿಗೆ ಕಾಯದೆ ಹೈಡ್ರೋಕಾರ್ಟಿಸೋನ್ ಕೊಡಿ. ಥೈರಾಕ್ಸಿನ್ ಗುಳಿಗೆಯನ್ನು ಸ್ಟಿರಾಯ್ಡ್ ಪ್ರಾರಂಭಿಸುವ ಮೊದಲು ಎಂದೂ ಕೊಡಬೇಡಿ, ಕೊಟ್ಟರೆ ಅಡ್ರಿನಲ್ ಬಿಕ್ಕಟ್ಟನ್ನು ನಾವೇ ತಂದಿಟ್ಟಂತಾಗುತ್ತದೆ. ಸ್ಟಿರಾಯ್ಡ್ ಬಿದ್ದೊಡನೆ ಮೂತ್ರ ಧಾರಾಳವಾಗಿ ಹೋಗಿ ಸೋಡಿಯಂ ತಾನಾಗಿಯೇ ವೇಗವಾಗಿ ಏರುವುದರಿಂದ, 24 ಗಂಟೆಗಳಲ್ಲಿ ಏರಿಕೆ 8 ಮಿ.ಮೋಲ್/ಲೀ. ದಾಟದಂತೆ ನಾಲ್ಕಾರು ಗಂಟೆಗೊಮ್ಮೆ ನೋಡುತ್ತಿರಬೇಕು. ಮನೆಗೆ ಕಳಿಸುವಾಗ, ಜ್ವರ ಬಂದರೆ ಸ್ಟಿರಾಯ್ಡ್ ಗುಳಿಗೆ ಎರಡರಷ್ಟು ಮಾಡಬೇಕು, ವಾಂತಿಯಾಗಿ ಗುಳಿಗೆ ನಿಲ್ಲದಿದ್ದರೆ ಆಸ್ಪತ್ರೆಗೆ ಬಂದು ಸೂಜಿ ಮಾಡಿಸಿಕೊಳ್ಳಬೇಕು ಎಂಬುದನ್ನು ಕನ್ನಡದಲ್ಲಿ ಚೀಟಿ ಬರೆದು, ಗಂಡನಿಗೂ ಓದಿ ಹೇಳಿ ಕೊಡಿ.

ಮೂರನೆಯದು: ಜ್ವರ ಎರಡು ವಾರ ದಾಟಿದರೆ

ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಕುರಿ ಸಾಕಣೆಯ ಜಿಲ್ಲೆಗಳು. ಕುರಿಗಾಹಿಯೊಬ್ಬರಿಗೆ ಸಂಜೆಯ ಹೊತ್ತು ಬಂದುಹೋಗುವ ಜ್ವರ, ಹಾಸಿಗೆ ತೊಯ್ಯುವಷ್ಟು ಬೆವರು, ಸೊಂಟದ ಕೆಳಭಾಗದ ನೋವು ಇದ್ದರೆ ಬ್ರುಸೆಲ್ಲೋಸಿಸ್ (ಕುರಿ-ಮೇಕೆಗಳಿಂದ ತಗಲುವ ಸೋಂಕು) ಪಟ್ಟಿಯಲ್ಲಿ ಇರಲೇಬೇಕು. ಹಿಂಡಿನಲ್ಲಿ ಈ ವರ್ಷ ಕುರಿಗಳು ಕಂದು ಹಾಕಿವೆಯೇ, ಬಿದ್ದ ಮಾಸನ್ನು ಬರಿಗೈಯಲ್ಲಿ ಎತ್ತಿದ್ದರೇ, ಕಾಯಿಸದ ಹಾಲು ಕುಡಿಯುತ್ತಾರೆಯೇ ಎಂದು ಕೇಳಿ. ಗುಲ್ಮ ಸ್ವಲ್ಪ ದೊಡ್ಡದಾಗಿರಬಹುದು, ವೃಷಣ ಊದಿರಬಹುದು. ಪ್ರಮಾಣಿತ ಅಗ್ಲುಟಿನೇಷನ್ ಪರೀಕ್ಷೆಯಲ್ಲಿ 1:160 ಅಥವಾ ಹೆಚ್ಚಿನ ಟೈಟರ್ ಲಕ್ಷಣಗಳೊಂದಿಗೆ ಸೇರಿದಾಗ ಬಲವಾದ ಆಧಾರ. ರಕ್ತದ ಕಲ್ಚರ್ ಕಳಿಸುವಾಗ ಸಂಶಯವನ್ನು ಚೀಟಿಯ ಮೇಲೆ ಬರೆಯಲೇಬೇಕು. ಈ ರೋಗಾಣು ನಿಧಾನವಾಗಿ ಬೆಳೆಯುವುದರಿಂದ ಹೆಚ್ಚು ದಿನ ಇಡಬೇಕಾಗುತ್ತದೆ, ಜೊತೆಗೆ ಲ್ಯಾಬಿನವರಿಗೂ ಅದು ತಗಲುವ ಅಪಾಯವಿದೆ. ಡಾಕ್ಸಿಸೈಕ್ಲಿನ್ ಮತ್ತು ರಿಫಾಂಪಿಸಿನ್ ಜೋಡಿ 6 ವಾರ ಬೇಕು. ಕ್ಷಯದ ಪರೀಕ್ಷೆ ಮುಗಿಯುವ ಮೊದಲೇ ರಿಫಾಂಪಿಸಿನ್ ಕೊಟ್ಟು ಜ್ವರ ಇಳಿಯಿತೆಂದು ಸಂತೋಷಪಡುವುದು ಅಪಾಯ, ಏಕೆಂದರೆ ಎರಡೂ ಕಾಯಿಲೆ ಆ ಔಷಧಿಗೆ ಬಗ್ಗುತ್ತವೆ.

ಎರಡು ವಾರ ಕಾಯಲಾಗದ ಜ್ವರವೂ ಒಂದಿದೆ. ಮಳೆಗಾಲದ ನಂತರ ತಲೆನೋವು, ಪ್ಲೇಟ್‌ಲೆಟ್ ಇಳಿಕೆ, ಯಕೃತ್ತಿನ ಕಿಣ್ವಗಳ ಏರಿಕೆ ಒಟ್ಟಿಗೆ ಇದ್ದು ಡೆಂಗಿ ಪರೀಕ್ಷೆ ನೆಗೆಟಿವ್ ಬಂದಾಗ, ರೋಗಿಯ ಬಟ್ಟೆ ಬಿಚ್ಚಿಸಿ ಕಂಕುಳು, ತೊಡೆಸಂದು, ಸ್ತನದ ಕೆಳಭಾಗ, ಉಡಿದಾರ ಕಟ್ಟುವ ಜಾಗವನ್ನು ಬೆಳಕಿನಲ್ಲಿ ನೋಡಿ. ಬೀಡಿಯಿಂದ ಸುಟ್ಟಂತಹ, ನೋವಿಲ್ಲದ ಕಪ್ಪು ಹೆಕ್ಕಳೆ ಕಂಡರೆ ಅದು ಸ್ಕ್ರಬ್ ಟೈಫಸ್, ಅಂದರೆ ಸಣ್ಣ ಹುಳದ ಕಡಿತದಿಂದ ಬರುವ ಜ್ವರ. ಕಾಣದಿದ್ದರೂ ಅಲ್ಲವೆಂದು ಹೇಳಲಾಗದು. ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ ದಿನಕ್ಕೆರಡು ಸಲ ಕೊಟ್ಟರೆ 48 ಗಂಟೆಗಳಲ್ಲಿ ಜ್ವರ ಇಳಿಯುವುದು ಸಾಮಾನ್ಯ. ಐಜಿಎಂ ಎಲೈಸಾ ವರದಿ ಬರುವವರೆಗೆ ಔಷಧಿ ತಡೆಯಬಾರದು.

ಹಳೆಯ ಸಂಧಿವಾತದ ಹೃದಯ ಕವಾಟ ರೋಗವಿದ್ದವರಲ್ಲಿ ಜ್ವರ ನಿಲ್ಲದಿದ್ದರೆ, ಆಂಟಿಬಯಾಟಿಕ್ ಪ್ರಾರಂಭಿಸುವ ಮೊದಲು ಬೇರೆ ಬೇರೆ ಜಾಗದಿಂದ ಮೂರು ಸಲ ರಕ್ತದ ಕಲ್ಚರ್ ತೆಗೆಯಿರಿ. "ಮೊದಲು ಸೆಫ್ಟ್ರಿಯಾಕ್ಸೋನ್, ಆಮೇಲೆ ನೋಡೋಣ" ಎಂಬ ಪದ್ಧತಿ ಎಂಡೋಕಾರ್ಡೈಟಿಸನ್ನು (ಹೃದಯ ಕವಾಟದ ಸೋಂಕನ್ನು) ಮುಚ್ಚಿಹಾಕುವಷ್ಟು ಚೆನ್ನಾಗಿ ಬೇರಾವುದೂ ಮುಚ್ಚುವುದಿಲ್ಲ.

ನಾಲ್ಕನೆಯದು: ಬೆನ್ನು-ಸೊಂಟ ಹಿಡಿದುಕೊಂಡವರು

ಈ ಮೂರೂ ಜಿಲ್ಲೆಗಳ ಹಲವು ಹಳ್ಳಿಗಳಲ್ಲಿ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.0 ಮಿ.ಗ್ರಾಂ ಮೀರಬಾರದು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಮಕ್ಕಳ ಹಲ್ಲಿನ ಕಂದು ಕಲೆಯನ್ನು ಎಲ್ಲರೂ ಗುರುತಿಸುತ್ತಾರೆ. ಆದರೆ ಅದೇ ಮನೆಯ ಐವತ್ತರ ಗಂಡಸಿನ ಬಿಗಿದ ಬೆನ್ನಿಗೆ ವಾತ ಅಥವಾ ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಹೆಸರು ಬೀಳುತ್ತದೆ. ಒಪಿಡಿಯಲ್ಲೇ ಮಾಡಬಹುದಾದ ಮೂರು ಪರೀಕ್ಷೆಗಳಿವೆ: ಗದ್ದವನ್ನು ಎದೆಗೆ ತಾಗಿಸಲು, ಮೊಣಕಾಲು ಮಡಿಸದೆ ಬಗ್ಗಿ ಕಾಲ್ಬೆರಳು ಮುಟ್ಟಲು, ಎರಡೂ ಕೈಗಳನ್ನು ತಲೆಯ ಹಿಂದೆ ಕಟ್ಟಲು ಹೇಳಿ. ಆಗದಿದ್ದರೆ ಸೊಂಟದ ಜೊತೆಗೆ ಮುಂಗೈಯ ಎಕ್ಸ್‌ರೇಯನ್ನೂ ತೆಗೆಸಿ. ಎರಡು ಮೂಳೆಗಳ ನಡುವಿನ ಪೊರೆಯಲ್ಲಿ ಸುಣ್ಣ ಕಟ್ಟಿ, ಮೂಳೆಯ ಅಂಚು ಗರಗಸದಂತೆ ಕಂಡರೆ ಫ್ಲೋರೋಸಿಸ್ ಎಂದು ಧೈರ್ಯವಾಗಿ ಹೇಳಬಹುದು. ಕಾಲು ಬಿಗಿಯುವುದು, ಮೂತ್ರ ತಡೆಯಲಾಗದಿರುವುದು ಇದ್ದರೆ ಬೆನ್ನುಹುರಿ ಒತ್ತಿಹೋಗುತ್ತಿದೆ ಎಂದರ್ಥ, ತಡಮಾಡದೆ ಕಳಿಸಿ.

ಎಲ್ಲ ಬೆನ್ನುನೋವಿಗೂ ನೀರನ್ನೇ ದೂರಲಾಗದು. ರಾತ್ರಿ ಮಲಗಿದಾಗಲೂ ಬಿಡದ ನೋವು, ತೂಕ ಇಳಿಕೆ, ಒಂದೇ ಜಾಗದಲ್ಲಿ ಬೆರಳೊತ್ತಿದರೆ ನೋವು ಇದ್ದರೆ ಬೆನ್ನುಮೂಳೆಯ ಕ್ಷಯ. ಅರವತ್ತು ದಾಟಿದವರಲ್ಲಿ ಬೆನ್ನುನೋವು, ರಕ್ತಹೀನತೆ, ಏರಿದ ಕ್ರಿಯಾಟಿನಿನ್, ನೂರು ದಾಟಿದ ಇಎಸ್‌ಆರ್ ಒಟ್ಟಿಗೆ ಬಂದರೆ ಮೈಲೋಮಾ ಎಂಬ ಮೂಳೆಮಜ್ಜೆಯ ಕ್ಯಾನ್ಸರ್. ಇಂಥವರಿಗೆ ನೋವಿನ ಸೂಜಿ ಹಾಕುತ್ತಾ ಹೋದರೆ ಉಳಿದ ಕಿಡ್ನಿಯೂ ಹೋಗುತ್ತದೆ.

ಐದನೆಯದು: ಕ್ಷಯದ ಔಷಧಿಗೆ ಬಗ್ಗದ ದಮ್ಮು

ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲ್ಭಾಗದಲ್ಲಿ ಎರಡೂ ಕಡೆ ಸಣ್ಣ ಗಂಟುಗಳು, ಕಫದಲ್ಲಿ ಕ್ಷಯದ ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಪರೀಕ್ಷೆ ನೆಗೆಟಿವ್, ಆರು ತಿಂಗಳ ಕ್ಷಯ ಚಿಕಿತ್ಸೆ ಮುಗಿದರೂ ಚಿತ್ರ ಹಾಗೆಯೇ ಇದೆ ಎಂದರೆ, ಮೇಲೆ ಹೇಳಿದ ಉದ್ಯೋಗದ ಪ್ರಶ್ನೆಗೆ ಮರಳಬೇಕು. ಗಣಿ, ಕ್ರಷರ್, ಬಾವಿ ತೋಡುವುದು, ಕಲ್ಲು ಕೆತ್ತುವುದು ಇದರಲ್ಲಿ ಯಾವುದಿದ್ದರೂ ಸಿಲಿಕೋಸಿಸ್ (ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ) ಸಾಧ್ಯತೆ ಬಲವಾಗುತ್ತದೆ; ಎದೆಯೊಳಗಿನ ದುಗ್ಧಗ್ರಂಥಿಗಳ ಅಂಚಿನಲ್ಲಿ ಸುಣ್ಣದ ಗೆರೆ ಕಂಡರೆ ಮತ್ತಷ್ಟು. ಕಷ್ಟವೆಂದರೆ ಸಿಲಿಕೋಸಿಸ್ ಇದ್ದವರಿಗೆ ಕ್ಷಯ ಬರುವ ಸಂಭವ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು, ಆದ್ದರಿಂದ ಒಂದು ಸಿಕ್ಕಿತೆಂದು ಇನ್ನೊಂದನ್ನು ಬಿಡುವಂತಿಲ್ಲ. ಹೊಸದಾಗಿ ಜ್ವರವೋ ತೂಕ ಇಳಿಕೆಯೋ ಕಂಡಾಗ ಕಫ ಮತ್ತೆ ಕಳಿಸಿ. ಕಾನೂನಿನ ಪ್ರಕಾರ ಸಿಲಿಕೋಸಿಸ್ ವರದಿ ಮಾಡಲೇಬೇಕಾದ ಕಾಯಿಲೆ. ಕೇಸ್ ಶೀಟಿನಲ್ಲಿ "ಹಳೆಯ ಕ್ಷಯ" ಎಂದು ಬರೆದುಬಿಟ್ಟರೆ ರೋಗಿಯ ಪರಿಹಾರದ ಹಕ್ಕನ್ನೂ ನಾವೇ ಕಿತ್ತುಕೊಂಡಂತೆ.

ಆರನೆಯದು: ರಾತ್ರಿ ಪಾಳಿಯ ಮೂರು ಬಲೆಗಳು

ಊಟವಾದ ಮೇಲೆ ಹೊಟ್ಟೆಯ ಮೇಲ್ಭಾಗದಲ್ಲಿ ಉರಿ, ಬೆವರು, ವಾಂತಿ ಎಂದು ಬಂದವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆಯವರಿಗೆ ಮತ್ತು ಹೆಂಗಸರಿಗೆ, ಪ್ಯಾಂಟೊಪ್ರಜೋಲ್ ಸೂಜಿಗಿಂತ ಮೊದಲು ಇಸಿಜಿ ಆಗಬೇಕು, ಬಂದ 10 ನಿಮಿಷದೊಳಗೆ. ಮೊದಲ ಇಸಿಜಿ ಸಹಜವಾಗಿದ್ದರೆ ನೋವು ಇರುವವರೆಗೆ 15ರಿಂದ 30 ನಿಮಿಷಕ್ಕೊಮ್ಮೆ ಮತ್ತೆ ತೆಗೆಯಿರಿ. ಎರಡು, ಮೂರು ಮತ್ತು ಎವಿಎಫ್ ಲೀಡ್‌ಗಳಲ್ಲಿ ಎಸ್‌ಟಿ ಏರಿದ್ದರೆ ಬಲಗಡೆಯ ವಿ4 ಲೀಡನ್ನೂ ನೋಡಿ. ಬಲ ಹೃತ್ಕುಕ್ಷಿಗೆ ಪೆಟ್ಟಾಗಿದ್ದವರಿಗೆ ನೈಟ್ರೇಟ್ ಗುಳಿಗೆ ನಾಲಿಗೆಯ ಕೆಳಗಿಟ್ಟರೆ ಬಿ.ಪಿ. ಕುಸಿಯುತ್ತದೆ. ವಿ1ರಿಂದ ವಿ3ರವರೆಗೆ ಎಸ್‌ಟಿ ಇಳಿದಿದ್ದರೆ ಬೆನ್ನಿನ ಕಡೆ ಲೀಡ್ ಹಚ್ಚಿ. 2023ರಲ್ಲಿ ರಾಜ್ಯ ಸರ್ಕಾರ ಪ್ರಾರಂಭಿಸಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ತಜ್ಞರ ಕೇಂದ್ರಕ್ಕೆ ಕಳಿಸಿ, ಹೆಪ್ಪು ಕರಗಿಸುವ ಸೂಜಿಯನ್ನು ಅಲ್ಲಿಯೇ ಕೊಡುವ ವ್ಯವಸ್ಥೆಯಿದೆ. ಸಂಶಯವಿದ್ದಾಗ ಅದನ್ನು ಬಳಸಿಕೊಳ್ಳಲು ಹಿಂಜರಿಯಬೇಡಿ.

ನೆಲದ ಮೇಲೆ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದು, ಆಮೇಲೆ ಕಣ್ಣುರೆಪ್ಪೆ ಇಳಿಬಿದ್ದು, ಮಾತು ತೊದಲುತ್ತಿದ್ದರೆ ಕಟ್ಟುಹಾವಿನ ಕಡಿತವನ್ನು ಮೊದಲು ನೆನೆಯಿರಿ. ಕಡಿದ ಗುರುತು ಕಾಣದೇ ಇರಬಹುದು, ಊತ ಇರುವುದಿಲ್ಲ, ರೋಗಿಗೆ ಹಾವಿನ ಸುಳಿವೇ ಇರುವುದಿಲ್ಲ. 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಇಲ್ಲಿ ಸಹಜವಾಗಿರುತ್ತದೆಂಬುದನ್ನು ಮರೆಯಬಾರದು. ರೆಪ್ಪೆ ಇಳಿದಿದ್ದರೆ ಅದೇ ಸಾಕು, ಹಾವಿನ ವಿಷದ ಪ್ರತಿವಿಷ 10 ವಯಲ್ ಕೊಟ್ಟು ಉಸಿರಾಟಕ್ಕೆ ನೆರವು ಸಿದ್ಧವಿಟ್ಟುಕೊಳ್ಳಿ. ಪೂರ್ತಿ ಪಾರ್ಶ್ವವಾಯುವಾಗಿ ಕಣ್ಪಾಪೆಗಳು ಹಿಗ್ಗಿ ನಿಂತಿದ್ದರೂ ಮೆದುಳು ಸತ್ತಿದೆ ಎಂದು ವೆಂಟಿಲೇಟರ್ ತೆಗೆಯಬೇಡಿ. ಇಂಥವರು ದಿನಗಳ ನಂತರ ಕಣ್ಣು ಬಿಡುತ್ತಾರೆ.

ಮೂರನೆಯದು ಹೊಲಕ್ಕೆ ಎಣ್ಣೆ ಹೊಡೆಯುವ ಕಾಲದ್ದು. ಗಂಗಾವತಿ, ಸಿರುಗುಪ್ಪದ ಗದ್ದೆಗಳಲ್ಲಿ, ಹತ್ತಿ-ಮೆಣಸಿನಕಾಯಿ ಹೊಲಗಳಲ್ಲಿ ದಿನವಿಡೀ ಕೀಟನಾಶಕ ಸಿಂಪಡಿಸಿದವರು ವಾಂತಿ-ಭೇದಿ ಎಂದು ಬಂದರೆ ಕಣ್ಪಾಪೆ ಸೂಜಿಮೊನೆಯಷ್ಟಾಗಿದೆಯೇ, ನಾಡಿ ನಿಧಾನವಿದೆಯೇ ನೋಡಿ. ಭೇದಿಯಿಂದ ನೀರು ಕಳೆದುಕೊಂಡವರ ನಾಡಿ ವೇಗವಾಗಿರಬೇಕಿತ್ತು. ಅಟ್ರೋಪಿನ್‌ನಿಂದ ಸುಧಾರಿಸಿದವರನ್ನು ಮರುದಿನವೇ ಕಳಿಸಬೇಡಿ. 24ರಿಂದ 96 ಗಂಟೆಗಳ ನಡುವೆ ಕುತ್ತಿಗೆಯ ಸ್ನಾಯು ಸೋತು, ಅದರ ಹಿಂದೆಯೇ ಉಸಿರಾಟ ನಿಲ್ಲಬಹುದು. ದಿನಕ್ಕೆ ನಾಲ್ಕು ಸಲ "ದಿಂಬಿನಿಂದ ತಲೆ ಎತ್ರಿ" ಎಂದು ಹೇಳಿ ನೋಡುವುದು ಸಿಸ್ಟರ್‌ಗಳಿಗೂ ಗೊತ್ತಿರಬೇಕು. ಈ ಮೂರರ ಹೊರತಾಗಿ, ಏಪ್ರಿಲ್-ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟಿದಾಗ ಪ್ರಜ್ಞೆ ತಪ್ಪಿ ಬಂದವರಿಗೆ ಗುದದ ತಾಪಮಾನ ನೋಡಿ. ಬೆವರುತ್ತಿದ್ದಾರೆಂದು ಶಾಖಾಘಾತವನ್ನು ತಳ್ಳಿಹಾಕದೆ ಮೊದಲು ಮೈ ತಣಿಸಿ, ಆಮೇಲೆ ಮೆದುಳುಜ್ವರದ ಪರೀಕ್ಷೆಗೆ ಹೋಗಿ.

ಇನ್ನೆರಡು ಮಾತು ಸಂಕ್ಷಿಪ್ತವಾಗಿ. ಸಕ್ಕರೆ ಕಾಯಿಲೆಗೆ ಡಪಾಗ್ಲಿಫ್ಲೋಜಿನ್ ಗುಂಪಿನ ಗುಳಿಗೆ ತೆಗೆದುಕೊಳ್ಳುವವರು ವಾಂತಿ, ಹೊಟ್ಟೆನೋವು, ಆಳವಾದ ಉಸಿರಾಟದೊಂದಿಗೆ ಬಂದರೆ ಸಕ್ಕರೆ 200ರ ಆಸುಪಾಸು ಇದ್ದರೂ ಕೀಟೋನ್ ನೋಡಿ. ರಕ್ತಹೀನತೆಯ ಜೊತೆ ಬೆರಳ ಗೆಣ್ಣುಗಳು ಕಪ್ಪಾಗಿ, ಕಣ್ಣು ನಸುಹಳದಿಯಾಗಿ, ಪ್ಲೇಟ್‌ಲೆಟ್ಟೂ ಬಿಳಿ ರಕ್ತಕಣವೂ ಇಳಿದಿದ್ದರೆ ಮೂಳೆಮಜ್ಜೆಯ ಕ್ಯಾನ್ಸರಿನ ಮಾತೆತ್ತುವ ಮೊದಲು ಬಿ12 ಪರೀಕ್ಷಿಸಿ. ಫೋಲಿಕ್ ಆಮ್ಲವೊಂದನ್ನೇ ಕೊಟ್ಟರೆ ರಕ್ತ ಏರುತ್ತದೆ, ನರಗಳ ಹಾನಿ ಮಾತ್ರ ಮುಂದುವರಿಯುತ್ತದೆ.

ಕೊನೆಯದು: ಕಳಿಸುವ ಚೀಟಿ

ವಾರ್ಡಿನಲ್ಲಿ 48 ಗಂಟೆಯಾದರೂ ರೋಗಿ ನಿರೀಕ್ಷಿಸಿದಂತೆ ಸುಧಾರಿಸದಿದ್ದರೆ ಔಷಧಿ ಬದಲಿಸುವ ಮೊದಲು ರೋಗನಿರ್ಣಯವನ್ನು ಬದಲಿಸಬೇಕೇ ಎಂದು ಯೋಚಿಸಿ. ಹಾಳೆಯ ಎಡಗಡೆ ರೋಗಿಯಲ್ಲಿ ಕಂಡದ್ದನ್ನೆಲ್ಲ, ಬಲಗಡೆ ನಿಮ್ಮ ರೋಗನಿರ್ಣಯ ಅದರಲ್ಲಿ ಯಾವುದನ್ನು ವಿವರಿಸುತ್ತದೆ ಎಂಬುದನ್ನು ಬರೆದು ನೋಡಿದರೆ, ವಿವರಣೆ ಸಿಗದೆ ಉಳಿದ ಸಾಲೇ ಮುಂದಿನ ಪರೀಕ್ಷೆ ಯಾವುದೆಂದು ಹೇಳುತ್ತದೆ. ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ (ಹಿಂದಿನ ವಿಮ್ಸ್) ರಾಯಚೂರಿನ ರಿಮ್ಸ್‌ಗೋ ಕಳಿಸುವಾಗ "ಹೆಚ್ಚಿನ ಚಿಕಿತ್ಸೆಗಾಗಿ" ಎಂದಷ್ಟೇ ಬರೆದ ಚೀಟಿ ಯಾರಿಗೂ ಉಪಯೋಗವಿಲ್ಲ. ಯಾವ ಕಾಯಿಲೆಯ ಸಂಶಯ, ಯಾವುದು ಹೊಂದುತ್ತಿಲ್ಲ, ಕಲ್ಚರ್ ತೆಗೆದದ್ದು ಆಂಟಿಬಯಾಟಿಕ್‌ಗೆ ಮೊದಲೋ ನಂತರವೋ, ಸ್ಟಿರಾಯ್ಡ್ ಎಷ್ಟು ಗಂಟೆಗೆ ಕೊಟ್ಟಿರಿ, ಬಂದಾಗಿನ ಮತ್ತು ಹೊರಡುವಾಗಿನ ಸೋಡಿಯಂ ಎಷ್ಟು ಎಂಬುದನ್ನು ಬರೆಯಿರಿ. ಕೆಳಗೆ ನಿಮ್ಮ ಮೊಬೈಲ್ ಸಂಖ್ಯೆ ಹಾಕಿ, ಡಿಸ್ಚಾರ್ಜ್ ಸಾರಾಂಶವನ್ನು ತಂದು ತೋರಿಸಲು ಮನೆಯವರಿಗೆ ಹೇಳಿ ಕಳಿಸಿ.